ಹತ್ತಿ ಬೇಕು, ಹತ್ತಿ ಬೇಡ

ಸೆಪ್ಟೆಂಬರ್ 1, ಸೋಮವಾರ

ಅಂಕಣ ಕಳಿಸಿದೆ. ಈ ವಾರದ್ದು:

ಶುಕ್ರವಾರ ‘ತುಕ್ಕು’ ತಂಡ, ರೈಲ್ವೆ ಕ್ಲಬ್ಬಿನ ಹಿಂದಿನ ಹಾಲ್, ಸಂಜೆ ಏಳಕ್ಕೆ. ಎರಡು ಗಿಟಾರ್, ಒಂದು ಬೇಸ್, ಡ್ರಮ್ಸ್. ಕುರ್ಚಿ ಇಲ್ಲ. ಹತ್ತಿ ಬೇಡ. ಶನಿವಾರ ‘ಖಾಲಿ ಸಿಲಿಂಡರ್’, ಈಜುಕೊಳದ ಪಕ್ಕದ ಬಯಲು. ಸೊಳ್ಳೆ ಇವೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಹತ್ತಿ ಬೇಡ. ಭಾನುವಾರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ರೆಕಾರ್ಡುಗಳ ಮಾರಾಟ. ಗೀರು ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಊರಿನ ಸುದ್ದಿ: ನೀರಿನ ಟ್ಯಾಂಕ್ ರಸ್ತೆ ಅಗೆದಿದ್ದಾರೆ, ಕ್ಲಬ್ಬಿಗೆ ಹೋಗುವವರು ಅಂಚೆ ಕಚೇರಿ ಕಡೆಯಿಂದ ಬರಬೇಕು. ಬೂದು ಬಣ್ಣದ ಬೆಕ್ಕು ಕಳೆದಿದೆ, ಕರೆದರೆ ಬರುವುದಿಲ್ಲ.

ಕಳಿಸಿದ ಸ್ವಲ್ಪ ಹೊತ್ತಿಗೆ ಸಂಪಾದಕರ ಫೋನ್.

“ಮೇಡಂ, ನಿಮ್ಮ ಕಾಲಂ ಮೇಲೆ ಒಂದು ದೂರು ಬಂದಿದೆ. ನೀವು ಹತ್ತಿ ಬೇಡ ಅಂತ ಬರೆದಿದ್ರಿ, ಆಸಾಮಿ ಕಿವಿಗೆ ಹತ್ತಿ ಇಟ್ಕೊಳ್ಳದೆ ಹೋದ್ರಂತೆ. ಎರಡು ದಿನ ಮನೇಲಿ ಹೆಂಡ್ತಿ ಬೈದಿದ್ದು ಕೇಳಿಸ್ಲೇ ಇಲ್ವಂತೆ. ದೂರು ಕೊಟ್ರೋ, ಥ್ಯಾಂಕ್ಸ್ ಹೇಳಿದ್ರೋ ನಂಗೂ ಸರಿಯಾಗಿ ಗೊತ್ತಾಗ್ಲಿಲ್ಲ.”

ಅವರೇ ಮುಂದುವರಿಸಿದರು.

“ಹಳೇ ಸಂಚಿಕೆಗಳನ್ನ ತೆಗೆದು ನೋಡ್ದೆ. ಫೆಬ್ರವರಿ ಆದ್ಮೇಲೆ ಒಂದೇ ಒಂದು ಕಡೆನೂ ‘ಹತ್ತಿ ಬೇಕು’ ಅಂತ ಇಲ್ಲ.”

“ಸಂಘಟಕರನ್ನ ಕೇಳೇ ಬರೀತೀನಿ.”

“ಅವರು ಜೋರಾಗಿದೆ ಅಂತಾರಾ ಮೇಡಂ? ತರಕಾರಿಯವನ್ನ ಟೊಮೆಟೊ ಹುಳಿ ಇದೆಯಾ ಅಂತ ಕೇಳಿದ ಹಾಗಾಯ್ತು.”

ಗಮನಿಸುತ್ತೇನೆ ಎಂದೆ. ಅವರು ಒಳ್ಳೆಯವರು. ಫೆಬ್ರವರಿ ಎಂದದ್ದು ನೆನಪಾಯಿತೇನೋ, “ಊಟ ಗೀಟ ಸರಿಯಾಗಿ ಮಾಡ್ತಿದ್ದೀರಾ?” ಎಂದರು. ಹೌದು ಎಂದೆ. ಅದು ನಿಜ. ಮಾಡುತ್ತಿದ್ದೇನೆ.

ಮೊದಲಾದರೆ ವಾರಕ್ಕೆ ಎರಡೋ ಮೂರೋ ಕಡೆ ಹೋಗುತ್ತಿದ್ದೆ. ಯಾವ ತಂಡ ಎಷ್ಟು ಜೋರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಫೆಬ್ರವರಿಯಲ್ಲಿ ನಮ್ಮ ಯಜಮಾನರು ತೀರಿಹೋದಮೇಲೆ ಎಲ್ಲಿಗೂ ಹೋಗಿಲ್ಲ. ಫೋನಿನಲ್ಲೇ ಎಲ್ಲ ಸಿಗುತ್ತದೆ: ತಂಡ, ಜಾಗ, ಸಮಯ, ಕುರ್ಚಿ ಇದೆಯೋ ಇಲ್ಲವೋ. ಅಂಕಣಕ್ಕೆ ಅಷ್ಟು ಸಾಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ನಾನು ಮೊದಲೂ ಬರೆದವಳಲ್ಲ.

ಸೆಪ್ಟೆಂಬರ್ 3, ಬುಧವಾರ

ಕನ್ನಡಕದ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಜನ. ಶಾಲೆಯಲ್ಲಿ ಕಣ್ಣಿನ ತಪಾಸಣೆ ಆಗಿದೆಯಂತೆ, ಚೀಟಿ ಹಿಡಿದು ತಾಯಂದಿರು ಬಂದಿದ್ದರು. ಪರೀಕ್ಷೆಯ ಚೌಕಟ್ಟಿಗೆ ಒಂದು ಗಾಜು ಹಾಕುವುದು, ತೆಗೆಯುವುದು, ಇನ್ನೊಂದು ಹಾಕುವುದು. ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ? ದಿನಕ್ಕೆ ಎಷ್ಟು ಸಲ ಕೇಳುತ್ತೇನೋ.

ಮಧ್ಯಾಹ್ನ ನಿವೃತ್ತ ಮೇಷ್ಟರೊಬ್ಬರು ಕೂತಿದ್ದರು. ಯಾವ ಗಾಜು ಹಾಕಿದರೂ “ಎರಡೂ ಒಂದೇ ಥರ ಇದೆಯಮ್ಮ” ಎನ್ನುತ್ತಿದ್ದರು. ಬೇಸರವಾಗಲಿಲ್ಲ. ಅವರು ಹೇಳುವುದು ಅರ್ಥವಾಗುತ್ತಿತ್ತು.

ಸೆಪ್ಟೆಂಬರ್ 6, ಶನಿವಾರ

ರಾತ್ರಿ ಊಟಕ್ಕೆ ಕೂತಾಗ ಮಗಳು ತಟ್ಟೆ ಮುಟ್ಟದೆ ಹೇಳಿದಳು.

“ಅಮ್ಮಾ, ಗೋದಾಮಲ್ಲಿ ಡೇಟ್ ಸಿಕ್ತು. ಇಪ್ಪತ್ತೇಳು, ಶನಿವಾರ. ನಮ್ದೇ ತಂಡ, ಪೂರ್ತಿ ಒಂದು ಗಂಟೆ.”

ಗೋದಾಮು ಎಂದರೆ ಅವಳಪ್ಪ ಸೌಂಡ್ ನೋಡಿಕೊಳ್ಳುತ್ತಿದ್ದ ಹಾಲ್. ಹಿಂದೆ ಸೋಪಿನ ಗೋದಾಮಾಗಿತ್ತು. ಮೋಡ ಕವಿದ ದಿನ ಗೋಡೆಯಿಂದ ಈಗಲೂ ಸೋಪಿನ ವಾಸನೆ ಬರುತ್ತದೆ. ಪ್ರತಿ ತಿಂಗಳ ಕೊನೆಯ ಶುಕ್ರವಾರ ಅವರು ಅದನ್ನು ಹೊಸ ತಂಡಗಳಿಗೆಂದು ತೆರೆಸುತ್ತಿದ್ದರು, ಸೌಂಡ್ ಕೆಲಸ ತಾವೇ ಮಾಡುತ್ತಿದ್ದರು. ಫೆಬ್ರವರಿಯಿಂದ ಅದು ನಿಂತಿದೆ.

“ಕೊನೇ ಶುಕ್ರವಾರನೇ ಕೇಳಿದ್ವಿ,” ಎಂದಳು. “ಡ್ರಮ್ಮಿನವಳಿಗೆ ಅವತ್ತು ಸೂಪರ್ ಮಾರ್ಕೆಟ್‌ನಲ್ಲಿ ಸಂಜೆ ಪಾಳಿ. ಹಾಗಾಗಿ ಶನಿವಾರ. ಜನ ಬಂದ್ರೆ ಆಮೇಲೆ ಕೊನೇ ಶುಕ್ರವಾರದ ಮಾತಾಡೋಣ ಅಂದಿದ್ದಾನೆ ಬೀಗ.”

ಬೀಗ ಎಂದರೆ ಹಾಲಿನ ಮೇಲ್ವಿಚಾರಕ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿದೆ, ಅದಕ್ಕೆ ಆ ಹೆಸರು.

“ಏನೇ ನಿಮ್ಮ ತಂಡದ ಹೆಸರು?” ಎಂದರು ಅತ್ತೆ.

“ಮೂರನೇ ಬೆಂಚು, ಅಜ್ಜಿ.”

“ಪರವಾಗಿಲ್ಲ. ನಿಮ್ಮಪ್ಪ ಕೊನೇ ಬೆಂಚು. ನೀನು ಸ್ವಲ್ಪ ಮುಂದಕ್ಕೆ ಬಂದಿದ್ದೀಯ.”

ಮಗಳು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು.

“ಕಾಲಂನಲ್ಲಿ ಹಾಕ್ತೀಯಾ?”

“ಎಲ್ಲರದ್ದೂ ಹಾಕೋ ಹಾಗೆ ಹಾಕ್ತೀನಿ.”

“ನೀನು ಬರ್ತೀಯಾ?”

“ನೋಡೋಣ.”

“ನಿನ್ನ ‘ನೋಡೋಣ’ ನಂಗೆ ಗೊತ್ತಿಲ್ವಾ? ಇಲ್ಲ ಅಂತಾನೇ ಅರ್ಥ.” ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. “ಮಾತಾಡ್ಸು ಅನ್ನಲ್ಲ, ಚಪ್ಪಾಳೆ ಹೊಡಿ ಅನ್ನಲ್ಲ. ಹಿಂದೆ ನಿನ್ನ ಕಂಬದ ಹತ್ರ ನಿಂತ್ಕೋ ಸಾಕು. ಒಂದು ಹಾಡು. ಆಮೇಲೆ ಎದ್ದು ಹೋಗು.”

“ನಿಂತವಳು ಹೇಗೆ ಎದ್ದು ಹೋಗ್ತಾಳೆ?” ಎಂದರು ಅತ್ತೆ.

ಅಲ್ಲಿಗೆ ಆ ಮಾತು ಮುಗಿಯಿತು. ಸಾರು ಆರಿತ್ತು.

ಸೆಪ್ಟೆಂಬರ್ 9, ಮಂಗಳವಾರ

ಗೋದಾಮಿನ ಹೊಸ ಸೌಂಡಿನವರು ಅಂಗಡಿಗೇ ಫೋನ್ ಮಾಡಿದ್ದರು. ಹೆದರಿಕೊಂಡೇ ಮಾತಾಡುವ ಮನುಷ್ಯ.

“ಮೇಡಂ, ಒಂದು ಸಣ್ಣ ವಿಷಯ. ಮಿಕ್ಸರ್ ಇರೋ ಕಡೆ ಬೇಸ್ ಭರ್ತಿಯಾಗಿ ಕೇಳುತ್ತೆ. ಹಿಂದೆ ಕಂಬದ ಹತ್ರ ಹೋದ್ರೆ ಏನೂ ಇಲ್ಲ, ಸೊನ್ನೆ. ಸರ್ ಹೇಗೆ ಮ್ಯಾನೇಜ್ ಮಾಡ್ತಿದ್ರು?”

ಗೊತ್ತಿಲ್ಲ ಎಂದೆ. ಗಿರಾಕಿ ಕಾಯುತ್ತಿದ್ದರು.

ನಮ್ಮ ಯಜಮಾನರು ಮಿಕ್ಸರ್ ಮುಂದೆ ಕೂರುತ್ತಿದ್ದುದು ಎಡಗಡೆ ಮೆಟ್ಟಿಲ ಕೆಳಗೆ. ಆ ಜಾಗದಲ್ಲಿ ಹಾಲ್ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ಅದಕ್ಕೆ ನಾನು ಹಿಂದೆ, ಬಲಗಡೆಯ ಕಂಬಕ್ಕೆ ಒರಗಿ ನಿಂತು ಸನ್ನೆ ಮಾಡುತ್ತಿದ್ದೆ. ಹಾಡಿನ ಮಾತು ಕೇಳಿಸದಿದ್ದರೆ ಕಿವಿ ಮುಟ್ಟಿಕೊಳ್ಳುವುದು. ತಾಳ ಚುಚ್ಚುತ್ತಿದ್ದರೆ ತಲೆಯ ಮೇಲೆ ಕೈ. ಬೇಸ್ ಸಾಲದಿದ್ದರೆ ಎದೆಯ ಮೇಲೆ ಕೈ, ಏಕೆಂದರೆ ಅದು ಕಿವಿಗಿಂತ ಮೊದಲು ಅಲ್ಲಿ ತಾಗಬೇಕು. ಅವರು ತಲೆ ಎತ್ತಿ ನೋಡಿ ಒಂದು ಗುಂಡಿಯನ್ನು ಇಷ್ಟೇ ಇಷ್ಟು ತಿರುಗಿಸುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಅವರ ಪಕ್ಕ ಸ್ಟೂಲಿನ ಮೇಲೆ, ಕಿವಿಯ ಮೇಲೆ ದೊಡ್ಡ ಮುಚ್ಚಳ ಹಾಕಿಕೊಂಡು ಕೂತಿರುತ್ತಿದ್ದಳು.

ಇದನ್ನೆಲ್ಲ ಫೋನಿನಲ್ಲಿ ಹೇಳುವುದು ಹೇಗೆ? ಹೇಳಿದರೂ ಆ ಮನುಷ್ಯನಿಗೆ ಉಪಯೋಗವಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಬಟ್ಟೆ ಒಗೆದೆ. ಒಣಗಿದವು.

ಸೆಪ್ಟೆಂಬರ್ 15, ಸೋಮವಾರ

ಅಂಕಣ ಕಳಿಸಿದೆ. ‘ಒಂಬತ್ತನೇ ಮಹಡಿ’ಯವರ ಕಾರ್ಯಕ್ರಮ ಇರುವುದು ನೆಲ ಅಂತಸ್ತಿನಲ್ಲಿ. ಅದನ್ನು ಸ್ಪಷ್ಟವಾಗಿ ಬರೆದೆ, ಹಿಂದೊಮ್ಮೆ ನಾಲ್ಕಾರು ಜನ ಲಿಫ್ಟ್ ಹುಡುಕಿಕೊಂಡು ಹೋಗಿದ್ದರು. ಬೆಕ್ಕು ಸಿಕ್ಕಿತಂತೆ. ತಾನಾಗಿಯೇ ಬಂತಂತೆ, ಯಾರೂ ಕರೆದಿರಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಮಗಳ ಕೋಣೆಯಲ್ಲಿ ಅಭ್ಯಾಸ. ಬಾಗಿಲ ಚಿಲಕ ನಡುಗುತ್ತದೆ, ಒಲೆಯ ಪಕ್ಕದ ಲೋಟಗಳು ಒಂದಕ್ಕೊಂದು ತಾಗುತ್ತವೆ. ಅತ್ತೆ ಕಿವಿಯ ಮಷೀನು ತೆಗೆದು ಡಬ್ಬಿಯಲ್ಲಿಟ್ಟು, “ಈ ಮನೇಲಿ ಸುಖವಾಗಿರೋಳು ನಾನೊಬ್ಬಳೇ,” ಎಂದರು. ಸ್ವಲ್ಪ ಹೊತ್ತಾದ ಮೇಲೆ ಗೋಡೆಗೆ ಅಂಗೈ ಇಟ್ಟು ಕೂತಿದ್ದರು. ಏನು ಮಾಡುತ್ತಿದ್ದೀರಿ ಎಂದು ಸನ್ನೆಯಲ್ಲೇ ಕೇಳಿದೆ.

“ಕೇಳ್ತಾ ಇದ್ದೀನಿ,” ಎಂದರು.

ನಾನು ಲೋಟಗಳನ್ನು ಸರಿಸಿ ಇಟ್ಟೆ, ತಾಗದ ಹಾಗೆ.

ಸೆಪ್ಟೆಂಬರ್ 22, ಸೋಮವಾರ

ಅಂಕಣ ಬೇಗ ಮುಗಿಯಿತು. ಯಾವಾಗಲೂ ಹಾಗೆಯೇ, ಹಳೆಯ ವಾರದ್ದನ್ನು ತೆರೆದು ಅದರ ಮೇಲೆಯೇ ಹೊಸ ವಾರ ಬರೆಯುತ್ತೇನೆ. ಇವತ್ತು ಹಳೆಯ ಕಡತಗಳಲ್ಲಿ ಗೋದಾಮಿನ ವಿಳಾಸ ಇದ್ದದ್ದನ್ನು ಹುಡುಕಿ ತೆರೆದೆ. ಬಹಳ ದಿನವಾಗಿತ್ತು, ಯಾವ ಬಾಗಿಲಿನಿಂದ ಹೋಗಬೇಕು ಎನ್ನುವ ಸಾಲು ಮತ್ತೆ ಬರೆಯುವುದು ತಪ್ಪಿತು.

ಶುಕ್ರವಾರ ‘ಮೂರನೇ ಬೆಂಚು’, ಗೋದಾಮು, ಸಂಜೆ ಏಳಕ್ಕೆ. ಹೊಸ ತಂಡ. ಬೇಸ್ ಮತ್ತು ಹಾಡು, ಗಿಟಾರ್, ಡ್ರಮ್ಸ್. ಹಿಂದಿನ ಗಲ್ಲಿಯ ಕಬ್ಬಿಣದ ಬಾಗಿಲಿನಿಂದ ಬನ್ನಿ. ಕುರ್ಚಿ ಕೆಲವು ಇವೆ. ಹತ್ತಿ ಬೇಡ. ಶನಿವಾರ ‘ತುಕ್ಕು’, ಈಜುಕೊಳದ ಬಯಲು, ಮಳೆ ಬಂದರೆ ಇಲ್ಲ. ಹತ್ತಿ ಬೇಡ. ಊರಿನ ಸುದ್ದಿ: ನೀರಿನ ಟ್ಯಾಂಕ್ ರಸ್ತೆಯ ಗುಂಡಿ ಮುಚ್ಚಿದ್ದಾರೆ, ಅದರ ಪಕ್ಕದ್ದು ಅಗೆದಿದ್ದಾರೆ.

ಎಲ್ಲರದ್ದೂ ಹಾಕುವ ಹಾಗೆಯೇ ಹಾಕಿದ್ದೇನೆ. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.

ಸೆಪ್ಟೆಂಬರ್ 25, ಗುರುವಾರ

ಪತ್ರಿಕೆ ಬಂತು. ನಾನು ಅಂಗಡಿಯಿಂದ ಬರುವ ಹೊತ್ತಿಗೆ ಮಗಳು ಅದನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು.

“ಅಮ್ಮಾ, ನಮ್ಮ ಕಾರ್ಯಕ್ರಮ ಯಾವತ್ತು?”

“ಶನಿವಾರ.”

“ಓದು.”

ಓದಿದೆ. ಶುಕ್ರವಾರ ಎಂದಿತ್ತು. ಎರಡು ಸಲ ಓದಿದರೂ ಅದೇ ಇತ್ತು. ಹಳೆಯ ಕಡತದಲ್ಲಿ ಇದ್ದ ಶುಕ್ರವಾರ ಅದು, ಕೊನೆಯ ಶುಕ್ರವಾರ. ವಿಳಾಸದ ಜೊತೆ ಅದೂ ಹಾಗೆಯೇ ಉಳಿದುಬಿಟ್ಟಿದೆ. ನನ್ನ ಕಣ್ಣಿಗೆ ಬೀಳಲಿಲ್ಲ.

“ಎಲ್ಲರದ್ದೂ ಹಾಕೋ ಹಾಗೆ ಹಾಕ್ತೀನಿ ಅಂದೆ,” ಎಂದಳು. ಜೋರಾಗಿ ಹೇಳಲಿಲ್ಲ. “ಎಲ್ಲರದ್ದೂ ಸರಿಯಾಗಿ ಹಾಕಿದ್ದೀಯ. ಆ ಬೆಕ್ಕಿನದ್ದೂ ಸರಿಯಾಗಿ ಹಾಕಿದ್ದೆ.”

ಸಂಪಾದಕರಿಗೆ ಫೋನ್ ಮಾಡಿದೆ. ಎಲ್ಲ ಹಂಚಿ ಮುಗಿದಿದೆ ಮೇಡಂ, ಮುಂದಿನ ವಾರ ತಿದ್ದುಪಡಿ ಹಾಕೋಣ ಎಂದರು. ಮಗಳ ಗೆಳತಿಯರು ಫೋನುಗಳಲ್ಲಿ ಸರಿಯಾದ ದಿನ ಹರಡುತ್ತಿದ್ದಾರೆ. ಆದರೆ ನಮ್ಮ ಪತ್ರಿಕೆ ಓದುವವರೇ ಬೇರೆ, ಟೀ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ ಎತ್ತಿಕೊಂಡು ಓದುವವರು. ನಾಳೆ ಬಂದು ಮುಚ್ಚಿದ ಬಾಗಿಲು ನೋಡಿದವರು ನಾಡಿದ್ದು ಬರುವುದಿಲ್ಲ. ಖಾಲಿ ಹಾಲಿನಲ್ಲಿ ಹಾಡಿದರೆ ಬೀಗ ಮತ್ತೆ ಬಾಗಿಲು ತೆಗೆಯುವುದಿಲ್ಲ. ಕೊನೆಯ ಶುಕ್ರವಾರದ ಮಾತಂತೂ ಅಲ್ಲಿಗೆ ಮುಗಿದ ಹಾಗೆ.

ಇದೆಲ್ಲ ನನಗೆ ಗೊತ್ತಾಗುತ್ತಿದೆ. ಬೇಜಾರು ಎಲ್ಲಿದೆ ಎಂದು ಮಾತ್ರ ಗೊತ್ತಾಗುತ್ತಿಲ್ಲ.

ಅತ್ತೆ ಒಳಗಿನಿಂದ, “ನೀನೇ ಹೋಗಿ ಬಾಗಿಲಲ್ಲಿ ನಿಂತ್ಕೊಳ್ಳಮ್ಮ. ಬಂದೋರಿಗೆ ನಾಳೆ ಬನ್ನಿ ಅನ್ನು. ಅಷ್ಟೇ ತಾನೆ?” ಎಂದರು.

ಅಷ್ಟೇ. ನಾಳೆ ಅಂಗಡಿಯಿಂದ ಬೇಗ ಹೊರಡಬೇಕು.

ಸೆಪ್ಟೆಂಬರ್ 26, ಶುಕ್ರವಾರ

ಹೋಗಿದ್ದೆ. ಒಳಗಲ್ಲ, ಗಲ್ಲಿಯವರೆಗೆ.

ಬೀಗ ಕಬ್ಬಿಣದ ಬಾಗಿಲ ಮುಂದೆ ಕುರ್ಚಿ ತಂದು ಹಾಕಿದ. “ಅಕ್ಕಾ, ನೀವ್ಯಾಕೆ ನಿಲ್ಲಬೇಕು? ಒಂದು ಹಲಗೆ ಬರೆದು ತೂಗುಹಾಕಿದ್ರೆ ಆಗಲ್ವಾ?” ಎಂದ. ಬರೆದದ್ದರಿಂದಲೇ ಇಷ್ಟೆಲ್ಲ ಆಗಿದ್ದು ಎಂದೆ. ಬಾಗಿಲು ಮೊದಲು ಹಸಿರಿತ್ತು, ಈಗ ಬೂದು ಬಣ್ಣ ಬಳಿದಿದ್ದಾರೆ. ಕೆಳಗಿನ ಅಂಚಿನಲ್ಲಿ ಹಸಿರು ಇನ್ನೂ ಕಾಣುತ್ತದೆ.

ಮೊದಲು ಬಂದದ್ದು ಗಂಡ ಹೆಂಡತಿ. ಕಾರ್ಯಕ್ರಮ ನಾಳೆ, ತಪ್ಪು ನನ್ನದು ಎಂದೆ. ಆಕೆ ಗಂಡನ ಕಡೆ ತಿರುಗಿ, “ನೋಡಿ, ಸದ್ಯ ಈ ಸಲ ತಪ್ಪು ನಂದಲ್ಲ,” ಎಂದರು. ಆಮೇಲೆ ಬೈಕಿನಲ್ಲಿ ಮೂವರು ನರೆತ ಗಡ್ಡದವರು ಬಂದರು. ಅವರಿಗೂ ಅದನ್ನೇ ಹೇಳಿದೆ.

“ಮೂರನೇ ಬೆಂಚು ಯಾರು ಅಂತ ನಮಗೆ ಗೊತ್ತಿಲ್ಲಕ್ಕ,” ಎಂದ ಒಬ್ಬ. “ಕೊನೇ ಶುಕ್ರವಾರ, ಗೋದಾಮು ಅಂತ ಇತ್ತಲ್ಲ. ಮತ್ತೆ ಶುರುವಾಯ್ತೇನೋ ಅಂತ ಬಂದ್ವಿ.”

ಶುರುವಾಗಿಲ್ಲ ಎಂದೆ. ಅವರು ತಲೆಯಾಡಿಸಿದರು, ಆದರೆ ಹೋಗಲಿಲ್ಲ. ಬೈಕಿಗೆ ಸ್ಟ್ಯಾಂಡ್ ಹಾಕಿ ಎದುರು ಮನೆಯ ಜಗುಲಿಯ ಮೇಲೆ ಕೂತರು. ಆಮೇಲೆ ಬಂದವರೂ ಹಾಗೆಯೇ ಮಾಡಿದರು. ನಾಳೆ ಎಂದರೆ “ಹೌದಾ” ಎನ್ನುವುದು, ಅಲ್ಲೇ ನಿಲ್ಲುವುದು. ಗಂಡ ಹೆಂಡತಿಯೂ ಹೋಗಿರಲಿಲ್ಲ. ಟೀ ತಂದಿದ್ದರು. ಏಳಾಗುವ ಹೊತ್ತಿಗೆ ಗಲ್ಲಿಯಲ್ಲಿ ಸೈಕಲ್ ಹೋಗಲು ಜಾಗವಿರಲಿಲ್ಲ.

ಗಡ್ಡದವರಲ್ಲಿ ಒಬ್ಬ ನಮ್ಮ ಯಜಮಾನರ ವಿಷಯ ತೆಗೆದ. ಒಂದು ಸಲ ಗಿಟಾರಿನವನೊಬ್ಬ ಕುಡಿದು ವೇದಿಕೆ ಹತ್ತಿದ್ದನಂತೆ, ಇವರು ಮಿಕ್ಸರಿನಲ್ಲಿ ಅವನ ದನಿಯನ್ನೇ ಮುಚ್ಚಿಬಿಟ್ಟರಂತೆ, ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲವಂತೆ.

ಅದು ಗಿಟಾರ್ ಅಲ್ಲ, ಕೀಬೋರ್ಡ್. ತಿದ್ದಿದೆ. ತಿದ್ದಲು ಹೋಗಿ ಪೂರ್ತಿ ಹೇಳಬೇಕಾಯಿತು. ಅವನು ಕಣ್ಣು ಮುಚ್ಚಿ, ಬೆವರು ಸುರಿಸಿ ಬಾರಿಸಿದ್ದು, ಒಂದು ಸ್ವರವೂ ಹೊರಗೆ ಬರದಿದ್ದದ್ದು, ಕೊನೆಗೆ ಅವನಿಗೇ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು. ಇಳಿದು ಬಂದವನು ಇವರ ಕೈ ಹಿಡಿದು, “ಅಣ್ಣಾ, ಇವತ್ತು ನನ್ನ ಸೌಂಡು ಇದ್ದ ಹಾಗೆ ಯಾವತ್ತೂ ಇರಲಿಲ್ಲ,” ಎಂದನಂತೆ. ಇವರು, “ಇನ್ಮುಂದೆನೂ ಹೀಗೇ ಇಡೋಣ ಬಿಡು,” ಎಂದರಂತೆ. ಗಲ್ಲಿಯಲ್ಲಿ ಎಲ್ಲರೂ ನಕ್ಕರು. ಬೀಗ ಕೀಗೊಂಚಲು ಕುಲುಕಿಕೊಂಡು ನಕ್ಕ. ಎದುರು ಮನೆಯವರು ಕಿಟಕಿ ತೆರೆದು, “ಕಾರ್ಯಕ್ರಮ ಒಳಗೋ ಹೊರಗೋ?” ಎಂದು ಕೇಳಿದರು.

ಕೊನೆಗೆ ಒಬ್ಬ ದಪ್ಪ ಮನುಷ್ಯ ಬಂದ. ಕಾರ್ಯಕ್ರಮ ನಾಳೆ ಎಂದು ಕೇಳಿ ಜೇಬಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದ. ಹತ್ತಿ.

“ಹತ್ತಿ ಬೇಡ ಅಂತ ಬರೆದಿದ್ರಲ್ಲ ಮೇಡಂ, ಅದಕ್ಕೇ ತಂದೆ.”

ದೂರು ಕೊಟ್ಟವರು ನೀವೇನಾ ಎಂದು ಕೇಳಿದೆ. ಹೌದು ಎಂದು ಹೆಮ್ಮೆಯಿಂದ ಒಪ್ಪಿಕೊಂಡ.

“ನಾಳೆ ನೀವು ಇರ್ತೀರಾ?” ಎಂದ. “ನಾಳೆ ಬಂದಾಗ ಇನ್ಯಾರೋ ನಿಂತ್ಕೊಂಡು ನಾಡಿದ್ದು ಅಂದ್ರೆ?”

“ಇರ್ತೀನಿ,” ಎಂದೆ.

ಎಲ್ಲರಿಗೂ ಕೇಳಿಸಿತು. ಆದ್ದರಿಂದ ನಾಳೆಯೂ ಬಾಗಿಲವರೆಗೆ ಹೋಗಬೇಕು. ಏಳಕ್ಕೆ ಶುರುವಾದ ಮೇಲೆ ಹೊರಟರಾಯಿತು.

ಮನೆಗೆ ಬಂದಾಗ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಎಷ್ಟು ಜನ ಬೈದ್ರು?” ಎಂದಳು.

“ಯಾರೂ ಬೈಲಿಲ್ಲ. ಟೀ ಕೊಟ್ರು.”

“ನಂಗೆ ಇನ್ನೂ ಕೋಪ ಇದೆ,” ಎಂದಳು. ಬಿಸಿ ಮಾಡಿದ ಊಟವನ್ನು ನನ್ನ ಮುಂದೆ ಇಟ್ಟಳು.

ಸೆಪ್ಟೆಂಬರ್ 28, ಭಾನುವಾರ

ನಿನ್ನೆಯದನ್ನು ಇವತ್ತು ಬೆಳಿಗ್ಗೆ ಬರೆಯುತ್ತಿದ್ದೇನೆ.

ಸಂಜೆ ಮೋಡವಿತ್ತು. ಬಾಗಿಲ ಹತ್ತಿರ ಹೋದಾಗಲೇ ಸೋಪಿನ ವಾಸನೆ. ಶುಕ್ರವಾರ ಬಂದವರಲ್ಲಿ ಬಹಳ ಜನ ಬಂದರು. ನನ್ನನ್ನು ನೋಡಿ “ಇವತ್ತೇ ತಾನೆ?” ಎಂದು ಒಬ್ಬೊಬ್ಬರೂ ಕೇಳಿ ಒಳಗೆ ಹೋದರು. ಬೈಕಿನವರು ಇನ್ನೂ ನಾಲ್ಕು ಗಡ್ಡಗಳನ್ನು ಕರೆತಂದಿದ್ದರು. ಹತ್ತಿಯವರು ಬಂದು, ಕೇಳದೆಯೇ ಒಂದು ಚಿಟಿಕೆ ಹತ್ತಿ ಕಿತ್ತು ನನ್ನ ಕೈಗೆ ಹಾಕಿದರು. “ಇಟ್ಕೊಳ್ಳಿ. ನಿಮ್ಮ ಅಂಕಣ ನಂಬಬೇಡಿ,” ಎಂದರು.

ಏಳಾಯಿತು. ಒಳಗೆ ಮಗಳ ದನಿ, ಮೈಕಿನಲ್ಲಿ, ಒಂದು ಎರಡು ಎನ್ನುತ್ತಿತ್ತು. ನಾನು ಚೀಲ ಹೆಗಲಿಗೆ ಹಾಕಿಕೊಂಡೆ.

ಬೀಗ ಬಾಗಿಲಿಗೆ ಕೈ ಹಾಕಿದ. “ಅಕ್ಕಾ, ಒಳಗಾದ್ರೂ ಇರಿ, ಹೊರಗಾದ್ರೂ ಇರಿ. ಬಾಗಿಲು ತೆರೆದಿಟ್ಟು ಶುರು ಮಾಡಿದ್ರೆ ಎದುರು ಮನೆಯವರು ಇವತ್ತು ಕಿಟಕಿ ತೆಗೆಯಲ್ಲ, ಪೊಲೀಸ್ನೋರನ್ನ ಕರೀತಾರೆ.”

ನಾನು ಹೊಸ್ತಿಲ ಮೇಲೆಯೇ ನಿಂತಿದ್ದೆ. ಅವನಿಗೆ ಕಷ್ಟವಾಗಬಾರದು ಎಂದು ಒಳಗೆ ಹೋದೆ.

ಹಾಲಿನಲ್ಲಿ ಏನೂ ಬದಲಾಗಿಲ್ಲ. ಕುರ್ಚಿಗಳನ್ನು ಬೇರೆ ಥರ ಹಾಕಿದ್ದಾರೆ. ಕಂಬದ ಹತ್ತಿರ ಯಾರೂ ಇರಲಿಲ್ಲ, ಅಲ್ಲಿ ನಿಂತೆ. ಎಡಗಡೆ ಮೆಟ್ಟಿಲ ಕೆಳಗೆ ಮಿಕ್ಸರಿನ ಸಣ್ಣ ದೀಪ ಉರಿಯುತ್ತಿತ್ತು. ಅದರ ಹಿಂದೆ ಹೊಸ ಸೌಂಡಿನವರ ಬೋಳುತಲೆ. ಸ್ವಲ್ಪ ಹೊತ್ತು ಅತ್ತ ನೋಡಿದೆ, ಆಮೇಲೆ ವೇದಿಕೆ ನೋಡಿದೆ.

ಡ್ರಮ್ಮಿನವಳು ಸೂಪರ್ ಮಾರ್ಕೆಟ್ಟಿನ ಹೆಸರಿದ್ದ ಅಂಗಿಯಲ್ಲೇ ಬಂದಿದ್ದಳು. ಮಗಳು ಬೇಸಿನ ಪಟ್ಟಿಯನ್ನು ಎರಡು ಸಲ ಸರಿಮಾಡಿಕೊಂಡಳು. ಅವಳು ಹೆದರಿದಾಗ ಹಾಗೆ ಮಾಡುತ್ತಾಳೆ, ಮೊದಲು ಶಾಲೆಯ ಚೀಲದ ಪಟ್ಟಿಯನ್ನು ಹಾಗೇ ಮಾಡುತ್ತಿದ್ದಳು.

ಮೊದಲ ಹಾಡು: ಗಿಟಾರ್ ಮುಂದಿದೆ, ತಾಳ ಸರಿಯಾಗಿದೆ, ಮಾತು ಸ್ಪಷ್ಟ. ಬೇಸ್ ಇಲ್ಲ. ಅವಳ ಬೆರಳು ಓಡುತ್ತಿರುವುದು ಕಾಣುತ್ತಿತ್ತು, ಆದರೆ ಕಂಬದ ಹತ್ತಿರ ಏನೂ ಬರುತ್ತಿರಲಿಲ್ಲ. ಹಾಡು ಅರ್ಧ ದಾಟುವ ಹೊತ್ತಿಗೆ ಅದು ಬಂತು. ಮೊದಲು ಕಂಬಕ್ಕೆ ಬಂತು, ಒರಗಿದ್ದ ಭುಜಕ್ಕೆ ಗೊತ್ತಾಯಿತು. ಆಮೇಲೆ ನೆಲದಿಂದ. ಹೊಸಬರು ಕೊನೆಗೂ ಕಂಡುಕೊಂಡರು ಎಂದುಕೊಂಡೆ.

ಒಂದು ಹಾಡಿಗೆ ಎಂದು ನಿಂತವಳು ಹೊರಡಲಿಲ್ಲ. ಬಾಗಿಲು ಹಾಕಿತ್ತು.

ಹಾಡುಗಳ ಬಗ್ಗೆ ಬರೆಯುವುದು ನನಗೆ ಬರುವುದಿಲ್ಲ. ಎರಡನೆಯದು ಉದ್ದವಾಯಿತು. ನಾಲ್ಕನೆಯದರಲ್ಲಿ ಗಿಟಾರಿನ ತಂತಿ ಹರಿಯಿತು, ಅದನ್ನು ಹಾಕುವವರೆಗೆ ಬೇಸ್ ಮತ್ತು ಡ್ರಮ್ಸ್ ಎರಡೇ ನುಡಿದವು. ಜನ ಸುಮ್ಮನಾದರು. ಗಡ್ಡದವರು ತಲೆ ಅಲ್ಲಾಡಿಸುವುದನ್ನೂ ಮರೆತು ನಿಂತಿದ್ದರು. ತಂತಿ ಹಾಕಿ ಆದ ಮೇಲೂ ಗಿಟಾರಿನವನು ಸ್ವಲ್ಪ ಹೊತ್ತು ಕಾದ, ಅವರಿಬ್ಬರನ್ನು ತಡೆಯಲಿಲ್ಲ. ಅದು ಒಳ್ಳೆಯ ಬುದ್ಧಿ.

ಮುಗಿದ ಮೇಲೆ ಮಗಳು ಜನರ ನಡುವೆ ನುಗ್ಗಿ ಬಂದಳು. ಮುಖ ಕೆಂಪಾಗಿತ್ತು.

“ಈಗ ಸರಿಯಾಗಿ ಕೇಳಿಸ್ತಾ?”

“ಮೊದಲು ಬೇಸ್ ಇರಲಿಲ್ಲ. ಆಮೇಲೆ ಅವರು ಸರಿ ಮಾಡಿದ್ರು.”

“ಯಾರು ಸರಿ ಮಾಡಿದ್ರು? ನಾನು ಮಾಡಿದ್ದು. ನೀನು ಎದೆ ಮುಟ್ಕೊಂಡೆಯಲ್ಲ, ನಾನು ಹಿಂದೆ ತಿರುಗಿ ಆಂಪ್ಲಿಫೈಯರ್ ಏರಿಸ್ದೆ.”

“ನಾನಾ?”

“ಮತ್ತಿನ್ಯಾರು? ಬಲಗಡೆ ಕಂಬ. ಕೈ ಹೀಗೆ.” ತೋರಿಸಿದಳು. ಅವಳಪ್ಪ ನಗಿಸಲೆಂದು ನನ್ನನ್ನು ಅಣಕಿಸುವಾಗ ಕೈಯನ್ನು ಇಡುತ್ತಿದ್ದ ಹಾಗೆಯೇ ಇಟ್ಟಿದ್ದಳು.

ಹೊಸ ಸೌಂಡಿನವರು ನೀರಿನ ಬಾಟಲಿ ಹಿಡಿದು ಹಿಂದೆಯೇ ಬಂದಿದ್ದರು. “ಮೇಡಂ, ಆರಾಮಿದ್ದೀರಾ? ಎದೆ ಹಿಡ್ಕೊಂಡು ನಿಂತಿದ್ದು ನೋಡಿ ನಾನು ಓಡಿ ಬರೋದ್ರಲ್ಲಿದ್ದೆ. ಅಷ್ಟರಲ್ಲಿ ಇವಳು ಬೇಸ್ ಏರಿಸಿಬಿಟ್ಳು, ಬಿಟ್ಟು ಬರೋ ಹಾಗಿರಲಿಲ್ಲ.”

ಆರಾಮಿದ್ದೇನೆ ಎಂದು ಹೇಳಿ ನೀರು ಕುಡಿದೆ. ಅವರಿಗೆ ಮೂರೂ ಸನ್ನೆಗಳನ್ನು ಹೇಳಿಕೊಟ್ಟೆ, ಕಿವಿ, ತಲೆ, ಎದೆ. ಅವರು ತಾವೂ ಒಂದೊಂದಾಗಿ ಮಾಡಿ ನೋಡಿದರು. ಬೋಳುತಲೆಯ ಮೇಲೆ ಕೈ ಇಟ್ಟುಕೊಂಡಾಗ ಮಗಳು ಬೇರೆ ಕಡೆ ಮುಖ ತಿರುಗಿಸಿದಳು.

ಬೀಗ ದೀಪ ಆರಿಸುತ್ತ ಬಂದ. “ಮುಂದಿನ ತಿಂಗಳು ಕೊನೇ ಶುಕ್ರವಾರ ಹಾಲ್ ಖಾಲಿ ಇದೆ ಅಕ್ಕ. ಬರೀತೀರಾ?”

“ಬರೆಯೋ ಮುಂಚೆ ಫೋನ್ ಮಾಡ್ತೀನಿ,” ಎಂದೆ.

ಹತ್ತಿ ಎಡಗೈಯಲ್ಲೇ ಇತ್ತು. ಬೆವರಿಗೆ ಉಂಡೆಯಾಗಿತ್ತು.

ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಕಿವಿಯಲ್ಲಿ ಗುಂಯ್ ಎನ್ನುತ್ತಿದೆ. ಅತ್ತೆ ಏನೋ ಕೇಳಿದರು. ಏನು ಎಂದೆ. ಮತ್ತೆ ಹೇಳಿದರು. ಜೋರಾಗಿ ಹೇಳಿ ಎಂದೆ.

“ಸರಿಹೋಯ್ತು! ಮಷೀನು ಕೊಡ್ಲಾ?” ಎಂದರು ಅತ್ತೆ.

ಮಗಳು ಇನ್ನೂ ಮಲಗಿದ್ದಾಳೆ. ಅವಳ ಬೂಟುಗಳು ಬಾಗಿಲಲ್ಲಿ ಅಡ್ಡಾದಿಡ್ಡಿ ಬಿದ್ದಿವೆ. ಎತ್ತಿಡಬೇಕು.

ಸೆಪ್ಟೆಂಬರ್ 29, ಸೋಮವಾರ

ಗುಂಯ್ ಸದ್ದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಶನಿವಾರ ಈಜುಕೊಳದ ಬಯಲಿನಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದೆ. ಎಷ್ಟು ಜೋರು ಎಂದು ಕೇಳಲಿಲ್ಲ, ಹೋಗಿ ನೋಡಿದರಾಯಿತು.

ಅಂಕಣವನ್ನು ಖಾಲಿ ಹಾಳೆಯಲ್ಲಿ ಬರೆದೆ. ಹಾಗಾಗಿ ಹೊತ್ತು ಹಿಡಿಯಿತು. ಎಲ್ಲಕ್ಕಿಂತ ಮೇಲೆ ಇದನ್ನು ಹಾಕಲು ಸಂಪಾದಕರಿಗೆ ಹೇಳಿದ್ದೇನೆ:

ತಿದ್ದುಪಡಿ. ಕಳೆದ ಸಂಚಿಕೆಯಲ್ಲಿ ‘ಮೂರನೇ ಬೆಂಚು’ ತಂಡದ ಕಾರ್ಯಕ್ರಮ ಶುಕ್ರವಾರ ಎಂದೂ, ಹತ್ತಿ ಬೇಡ ಎಂದೂ ಬರೆಯಲಾಗಿತ್ತು. ಎರಡೂ ತಪ್ಪು.